ದೂರು ಬಂದರೆ ಪಾರ್ಲರ್ ಬಂದ್

ವಯಸ್ಸು ಕಾಣಬಾರದು, ಖರ್ಚೂ ಆಗಬಾರದು ಎನ್ನುವ ಹೆಂಗಸರು ಇರುವ ತನಕ ನನ್ನಂಥವಳ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಶಹಾಬಾದಿನ ನಮ್ಮ ಮನೆಯ ಮುಂದಿನ ಖೋಲಿಯಲ್ಲೇ ನನ್ನ ಬ್ಯೂಟಿ ಪಾರ್ಲರ್. ಒಂದು ಕುರ್ಚಿ, ಒಂದು ಕನ್ನಡಿ. ಉಳಿದದ್ದೆಲ್ಲ ಅಡುಗೆಮನೆ ಸಾಮಾನು: ಕಡಲೆ ಹಿಟ್ಟು, ಮೊಸರು, ಅರಿಶಿನ, ಲಿಂಬೆಹಣ್ಣು. ಅದನ್ನು ತೆರೆಯಲು ನಮ್ಮ ಅತ್ತೆ ಒಪ್ಪಿದ್ದು ಒಂದೇ ಕರಾರಿನ ಮೇಲೆ.

“ನಡಸು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಯಾರರ ನನ್ನ ಮುಂದ ಬಂದು ದೂರು ಹೇಳಿದ್ರೋ, ಅವತ್ತೇ ಖೋಲಿಗೆ ಕೀಲಿ. ಜ್ವಾಳದ ಚೀಲ ಇಡಲಿಕ್ಕೇ ಜಾಗ ಸಾಲವಲ್ದು.”

ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ. ಹಾಗಾಗಿ ನಾನು ಗಿರಾಕಿಯ ಮುಖಕ್ಕಿಂತ ಒಳಬಾಗಿಲನ್ನೇ ಹೆಚ್ಚು ನೋಡುತ್ತ ಕೆಲಸ ಮಾಡುತ್ತಿದ್ದೆ.

ಗಾಡಿಯ ಹಿಟ್ಟು

ವಾಡಿಯಿಂದ ಒಬ್ಬ ಹೆಂಗಸು ಬಂದಳು. ಗಂಡನದು ಸ್ಟೇಷನ್ ಹತ್ತಿರ ಮಿರ್ಚಿ ಭಜಿ ಗಾಡಿ. ಕಡಲೆ ಹಿಟ್ಟು ಮನೆಯಿಂದಲೇ ತಂದರೆ ಅಗ್ಗ ಬೀಳುತ್ತದೆ ಎಂದು ಫೋನಿನಲ್ಲಿ ಹೇಳಿದ್ದೆ. ಆಕೆ ಡಬ್ಬಿಯ ತುಂಬ ಕಲಸಿದ ಹಿಟ್ಟನ್ನೇ ತಂದಳು. ಕಲಸುವ ಕೆಲಸ ತಪ್ಪಿತಲ್ಲ ಎಂದು ಖುಷಿಯಿಂದ ಮುಖಕ್ಕೆ ಬಳಿದೆ. ಬಳಿದು ಕೈ ತೊಳೆಯುವುದರೊಳಗೆ ಆಕೆ ಕುರ್ಚಿಯಲ್ಲೇ ಕುಣಿಯತೊಡಗಿದಳು.

“ಅಕ್ಕಾ, ಉರೀಲಿಕತ್ತದ!”

“ಇದರಾಗ ಏನ್ ಹಾಕೀರಿ?”

“ನಾ ಏನೂ ಹಾಕಿಲ್ರಿ. ಗಾಡಿಗೆ ಕಲಸಿದ್ದು ಹಂಗೇ ತಂದೀನಿ. ಅಜವಾನ, ಸೋಡಾ, ಜರಾ ಖಾರ.”

ತೊಳೆದೆ, ಮೊಸರು ಹಚ್ಚಿದೆ, ಬೀಸಣಿಗೆ ಬೀಸಿದೆ. ಉರಿ ಇಳಿಯಿತು, ಕೆಂಪು ಇಳಿಯಲಿಲ್ಲ. ಕರೆದೊಯ್ಯಲು ಬಂದ ಗಂಡ ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ. ಒಳಗೆ ಅತ್ತೆ ಜೋಳ ಹಸನು ಮಾಡುತ್ತಿದ್ದರು. ಮುಗಿಯಿತು ನನ್ನ ಪಾರ್ಲರ್ ಎಂದುಕೊಂಡೆ.

“ಮಾರಿ ಭಾಳ ಚಲೋ ಕೆಂಪಾಗ್ಯಾದ್ರಿ,” ಎಂದ ಆತ. “ಉಳದ ಹಿಟ್ಟು ಕೊಡ್ರಿ, ಸಂಜೀಗೆ ಗಾಡಿ ಹಚ್ಚಬೇಕು.”

ಪುಕ್ಕಟೆ ಸಲಹೆ

ಪಕ್ಕದ ಮನೆಯಾಕೆಗೆ ಹಿಮ್ಮಡಿ ಒಡೆದಿತ್ತು. ನಮ್ಮೂರಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಬರವೇ? ಉಪ್ಪುನೀರಲ್ಲಿ ಕಾಲು ನೆನೆಸಿ, ಒರಟು ಪರಸಿಗೆ ಉಜ್ಜಿ, ಚೂರು ಕೊಬ್ಬರಿ ಎಣ್ಣೆ ಸವರಿಕೊಳ್ಳಿ ಎಂದೆ. ಪುಕ್ಕಟೆ ಸಿಕ್ಕರೆ ನಮ್ಮವರು ಅರ್ಧಕ್ಕೆ ಬಿಡುವವರಲ್ಲ. ದಿನಾ ಉಜ್ಜಿದಳು, ಎಣ್ಣೆ ಸುರಿದುಕೊಂಡಳು. ಒಂದು ಮುಂಜಾನೆ ಅಂಗಳದ ಪರಸಿಗೆ ನೀರು ಹೊಡೆದು, ರಂಗೋಲಿ ಹಾಕಿ ಎದ್ದವಳು ಜಾರಿ ರಂಗೋಲಿಯ ಮೇಲೇ ಕೂತಳು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆದರೆ ಸೀರೆಯ ಹಿಂಭಾಗದಲ್ಲಿ ಅಚ್ಚಾದ ತಾವರೆಯನ್ನು ಓಣಿಯೆಲ್ಲ ನೋಡಿತು.

“ನಿಮ್ಮತ್ತಿ ಚಿಂಚೋಳಿ ಮದುವಿಯಿಂದ ಬರಲಿ,” ಎಂದಳು. “ನಾಳಿ ಮುಂಜಾನಿ ಬಂದು ಎಲ್ಲಾ ಹೇಳ್ತೀನಿ.”

“ತಪ್ಪಾಯ್ತ್ರಿ. ಕಾಲು ಇನ್ನೂ ಒಡದಾವೇನ್ರಿ?”

“ಒಡದಿದ್ರ ಯಾಕ ಬೀಳ್ತಿದ್ದೆ!”

ಮೂರು ಗೆರೆ

ಅತ್ತೆ ಅಂದು ಸಂಜೆಯೇ ಮದುವೆಯಿಂದ ಬಂದರು, ಮುಖ ಗಂಟಿಕ್ಕಿಕೊಂಡು. ಚೀಲ ಇಟ್ಟವರೇ ನೇರ ನನ್ನ ಕುರ್ಚಿಯಲ್ಲಿ ಕೂತರು.

“ಬಾಗಿಲಾ ಹಾಕು. ಚಿಂಚೋಳಿ ಅಕ್ಕ ನನಗಿಂತ ದೊಡ್ಡಾಕಿ. ಮದುವ್ಯಾಗ ಮಂದಿ ನನಗೇ ದೊಡ್ಡಾಕಿ ಅಂದ್ರು. ಏನ್ ಹಚ್ತೀ ಹಚ್ಚು. ಯಾರ ಮುಂದೂ ಬಾಯಿ ಬಿಡಬ್ಯಾಡ.”

ಮೊದಲು ಹಣೆಯ ವಿಭೂತಿ ಒರೆಸಿದೆ. ಹೋಗಲಿಲ್ಲ. ಹಾಲಿನಿಂದ ಉಜ್ಜಿದೆ, ಲಿಂಬೆಯಿಂದ ಉಜ್ಜಿದೆ. ಬಿಳಿ ಮೂರು ಗೆರೆ ಇದ್ದಂತೆಯೇ ಇದ್ದವು.

“ಯತ್ತಿ, ಇಬತ್ತಿ ಹೋಗವಲ್ದು.”

ಅತ್ತೆ ಕನ್ನಡಿಯ ಹತ್ತಿರ ಹೋಗಿ ಹಣೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. “ಎಲ್ಲಾ ಹೋಗ್ಯಾದ. ಇದು ಇಬತ್ತಿ ಅಲ್ಲ, ನನ್ನ ಬಣ್ಣ!”

ಗುಂಡಗುರ್ತಿಯ ನಮ್ಮ ತೊಗರಿ ಹೊಲದ ಬಿಸಿಲಲ್ಲಿ ದುಡಿದು ಅವರ ಮುಖವೆಲ್ಲ ಕಪ್ಪಾಗಿತ್ತು. ದಿನಾ ವಿಭೂತಿ ಕೂತ ಜಾಗ ಮಾತ್ರ ಮದುಮಗಳ ಬಣ್ಣದಲ್ಲೇ ಉಳಿದಿತ್ತು. ಅತ್ತೆ ಕನ್ನಡಿ ಬಿಟ್ಟು ತಿರುಗಿದರು. “ನಿನ್ನ ಹಿಟ್ಟು ನೀನೇ ಇಟ್ಕೋ,” ಎಂದು ಒಳಗೆ ಹೋದರು.

ಮರುದಿನ ಮುಂಜಾನೆ ಪಕ್ಕದ ಮನೆಯಾಕೆ ರಂಗೋಲಿ ಹತ್ತಿದ ಸೀರೆಯನ್ನು ಕೈಯಲ್ಲಿ ಹಿಡಿದೇ ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅಷ್ಟರಲ್ಲಿ ದೇವರ ಖೋಲಿಯಿಂದ ಅತ್ತೆ ಹೊರಬಂದರು. ಹಣೆ, ಕೆನ್ನೆ, ಗದ್ದ, ಕುತ್ತಿಗೆ, ಎಲ್ಲಾ ಬೆಳ್ಳಗೆ ವಿಭೂತಿ. ಕಣ್ಣೆರಡೇ ಕಾಣುತ್ತಿದ್ದವು.

ಆಕೆಯ ಕೈಯಿಂದ ಸೀರೆ ಜಾರಿತು. ಅಲ್ಲೇ ಅಡ್ಡಬಿದ್ದಳು.

“ಯವ್ವಾ! ಸಂಸಾರ ಬಿಟ್ರೇನ್ರಿ?”

ಅತ್ತೆ ಗಂಭೀರವಾಗಿ ಕೈ ಎತ್ತಿದರು. “ಏಳವ್ವಾ. ಏನರ ಹೇಳಬೇಕಿತ್ತೇನು?”

“ಏನಿಲ್ರಿ ಯವ್ವಾ, ಆಶೀರ್ವಾದಕ್ಕ ಬಂದಿದ್ದೆ,” ಎಂದವಳು ಸೀರೆಯನ್ನು ಅವುಚಿಕೊಂಡು ಬೆನ್ನು ತೋರಿಸದೆ ಹಿಂದಕ್ಕೆ ನಡೆದೇ ಹೋದಳು.

ಅಬ್ಬಾ! ಪಾರ್ಲರ್ ಉಳಿಯಿತು. ಅತ್ತೆ ನನ್ನ ಕುರ್ಚಿಯಲ್ಲಿ ಕೂತು, ಕಿವಿಯ ಹಿಂದೆ ಉಳಿದ ಜಾಗಕ್ಕೂ ವಿಭೂತಿ ಹಚ್ಚಲು ಹೇಳಿ, ದನಿ ತಗ್ಗಿಸಿದರು.

“ಈ ಇಬತ್ತಿ ಸುದ್ದಿ ಚಿಂಚೋಳಿ ಅಕ್ಕಗ ಮಾತ್ರ ಹೇಳಬ್ಯಾಡ. ಆಕೀನೂ ಹಚ್ಗೊಂಡ್ಲಂದ್ರ ಮತ್ತ ನಾನೇ ದೊಡ್ಡಾಕಿ ಆಗ್ತೀನಿ.”