ವಾದೀಂದ್ರಾಚಾರ್ಯರ ಸ್ಪ್ಯಾನಿಷ್ ಸಂಥೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಕ್ರಿಯಾಪದ. ಅದೂ ನಮ್ಮದಲ್ಲ, ಸ್ಪೇನ್ ದೇಶದ್ದು.

ನಾರಾಯಣಪೇಟೆಯ ವಾದೀಂದ್ರಾಚಾರ್ಯರು ದಿನಾ ಬಸ್ಸಿನಲ್ಲಿ ಮಕ್ತಲ್‌ಗೆ ಹೋಗಿ ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ಯಾರ ತಂಟೆಗೂ ಹೋದವರಲ್ಲ. ಆದರೆ ಈಚೆಗೆ ಒಂದು ದಿನ ಶಾಲೆಯ ಯಜಮಾನ ಸಾಯಿಪ್ರಸಾದ್ ಅವರನ್ನು ಕೋಣೆಗೆ ಕರೆಸಿ, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟ.

"ಸಂಸ್ಕೃತ ಬಂದ್ ಮಾಡಿದೀವಿ ಸಾರ್. ಗದ್ವಾಲದಾಗ ಒಂದು ಶಾಲೆಯೋರು ಫ್ರೆಂಚ್ ತಂದಾರ. ನಾವು ಸ್ಪ್ಯಾನಿಷ್ ತರ್ತೀವಿ. ನೀವೇ ಹೇಳ್ರಿ."

"ನಾನಾ? ನನಗ ಸ್ಪ್ಯಾನಿಷ್ ಎಲ್ಲಿಂದ ಬರಬೇಕು?"

"ಸಂಸ್ಕೃತ ಬಂದೋರಿಗೆ ಸ್ಪ್ಯಾನಿಷ್ ಏನ್ ಲೆಕ್ಕ ಸಾರ್? ಒಂದೇ ಒಂದು ಕ್ರಿಯಾಪದ ಚೆನ್ನಾಗಿ ಕಲೀರಿ. ಶುಕ್ರವಾರ ನನ್ನ ಮುಂದೆ ಪಾಠ ಮಾಡಿ ತೋರಿಸ್ರಿ. ಗೆದ್ರೆ ನೌಕರಿ. ಇಲ್ಲಾಂದ್ರೆ ನಮಸ್ತೆ."

ಹೀಗೆಂದು ನಾಲ್ಕಾರು ಝೆರಾಕ್ಸ್ ಹಾಳೆಗಳನ್ನು ಕೈಗೆ ತುರುಕಿದ. ಆಚಾರ್ಯರಿಗೆ ಮೈಯೆಲ್ಲ ಉರಿದುಹೋಯಿತು. ಕುಂಬಾರನಿಗೆ ನಾಳೆಯಿಂದ ಕಮ್ಮಾರಿಕೆ ಮಾಡು ಅಂದರೆ ಮಾಡುತ್ತಾನೆಯೆ? ಆದರೆ ಉರಿದುಕೊಂಡು ಕೂತರೆ ಒಲೆ ಉರಿಯುವುದಿಲ್ಲವಲ್ಲ. ಮನೆಗೆ ಬಂದು ಹಾಳೆ ಬಿಡಿಸಿದರು.

ಕ್ರಿಯಾಪದದ ಹೆಸರು ಹಾಬ್ಲಾರ್. ಅರ್ಥ, ಮಾತಾಡು. ವರ್ತಮಾನ, ಭೂತ, ಭವಿಷ್ಯ, ವಿಧ್ಯರ್ಥ, ಸಂಭಾವನಾರ್ಥ ಎಂದು ಅದಕ್ಕೆ ರೂಪಗಳ ಮೇಲೆ ರೂಪಗಳು. ಭೂತಕಾಲವೇ ಒಂದಕ್ಕಿಂತ ಹೆಚ್ಚು. ಅದನ್ನೂ ಸಹಿಸಿಕೊಂಡರು. ದ್ವಿವಚನ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

"ದ್ವಿವಚನ ಇಲ್ಲದ್ದು ಅದೆಂಥಾ ಭಾಷಾನೇ? ಗಂಡ ಹೆಂಡತಿ ಇಬ್ಬರೇ ಮಾತಾಡೋವಾಗ ಏನು ಮಾಡ್ತಾರ ಇವರು?" ಎಂದು ಒದರಿದರು.

"ಮಾತಾಡಂಗಿಲ್ಲ, ಮತ್ತೇನು," ಎಂದರು ಹೆಂಡತಿ ವಸುಧಾಬಾಯಿ ಒಲೆಯ ಮುಂದಿನಿಂದ.

ಇನ್ನೂ ದೊಡ್ಡ ಅಪಚಾರ ಮುಂದಿತ್ತು. ಸ್ಪ್ಯಾನಿಷ್‌ನಲ್ಲಿ ಹಕಾರವನ್ನು ಬರೆಯಬೇಕಂತೆ, ಉಚ್ಚರಿಸಬಾರದಂತೆ, "ಆಬ್ಲಾರ್" ಅನ್ನಬೇಕಂತೆ. ಆಚಾರ್ಯರು ಹಾಳೆಯನ್ನೇ ಗದರಿಸಿದರು. ನುಂಗುವುದಾದರೆ ಬರೆದದ್ದು ಯಾಕೆ? ಅಕ್ಷರ ನುಂಗಿದವನು ಮುಂದಿನ ಜನ್ಮದಲ್ಲಿ ಮೂಗನಾಗುತ್ತಾನೆ ಎಂದು ಅವರ ಅಜ್ಜ ಹೇಳಿದ್ದರು. ಸ್ಪೇನಿನವರು ಬೇಕಾದರೆ ಮೂಗರಾಗಲಿ, ತಾನಂತೂ ನುಂಗುವವನಲ್ಲ ಎಂದು ತೀರ್ಮಾನಿಸಿದರು.

ಶುಕ್ರವಾರ ಬಂತು. ಬೆಳಕು ಹರಿಯುವ ಮೊದಲೇ ಆಚಾರ್ಯರು ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಗೋಪೀಚಂದನ ಹಚ್ಚಿಕೊಂಡು, ಮನೆಯ ಮುಂದಿನ ಕಟ್ಟೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತರು. ಬಾಲ್ಯದಲ್ಲಿ ಅಜ್ಜ ಎದುರು ಕೂರಿಸಿಕೊಂಡು ಸಂಥೆ ಹೇಳಿಸುತ್ತಿದ್ದರು. ಅವರು ಒಮ್ಮೆ ಅಂದದ್ದನ್ನು ಇವರು ಮತ್ತೆ ಮತ್ತೆ ಅನ್ನಬೇಕು. ಆಚಾರ್ಯರ ತಲೆಗೆ ಏನೇ ಹೊಕ್ಕರೂ ಹೀಗೇ ಹೊಗಬೇಕು, ಬೇರೆ ದಾರಿ ಗೊತ್ತಿಲ್ಲ. ಸ್ವರದ ಪ್ರಕಾರ ಬಲಗೈ ಏರಿಸಿ ಇಳಿಸಿ ಶುರು ಮಾಡಿದರು.

"ಹಾಬ್ಲೋ ಹಾಬ್ಲಾಸ್ ಹಾಬ್ಲಾ… ಹಾಬ್ಲಾಮೋಸ್ ಹಾಬ್ಲಾಯ್ಸ್ ಹಾಬ್ಲಾನ್…"

ಪಕ್ಕದ ಮನೆಯ ಭೀಮಮ್ಮ ಅದೇ ಹೊತ್ತಿಗೆ ಎಮ್ಮೆ ಹಿಂಡಲು ಕೂತಿದ್ದಳು. ಆ ಎಮ್ಮೆ ಕೆಲವು ದಿನಗಳಿಂದ ಕೆಚ್ಚಲಿಗೆ ಕೈ ಹಚ್ಚಿದರೆ ಸಾಕು ಒದೆಯುತ್ತಿತ್ತು. ಇವತ್ತು ಗೋಡೆಯಾಚೆಯ ದನಿಗೆ ಕಿವಿ ನಿಮಿರಿಸಿ, ಕಲ್ಲಿನ ಬಸವಣ್ಣನ ಹಾಗೆ ನಿಂತು, ಚರಿಗೆ ತುಂಬ ಹಾಲು ಕೊಟ್ಟಿತು. ಭೀಮಮ್ಮ ಚರಿಗೆ ಹಿಡಿದುಕೊಂಡೇ ಓಡಿ ಬಂದಳು.

"ಆಚಾರ್ರೀ! ಇದು ಯಾವ ಮಂತ್ರಾರೀ? ನಮ್ಮೆಮ್ಮಿ ಒದಿಯೋದು ಬಿಟ್ಟೈತಿ!"

"ಮಂತ್ರ ಅಲ್ಲ ಭೀಮಮ್ಮ, ಕ್ರಿಯಾಪದ. ನಾನು ಮಾತಾಡ್ತೀನಿ, ನೀನು ಮಾತಾಡ್ತೀ, ಅವನು ಮಾತಾಡ್ತಾನ, ಅಷ್ಟ."

"ಅದಕ್ಕ ನೋಡ್ರಿ! ಎಮ್ಮಿ ಕೂಡಾನೂ ಮಾತಾಡಿದ್ರಿ ನೀವು!"

"ಹುಚ್ಚಿದ್ದೀಯೇನು? ಇದು ಸ್ಪ್ಯಾನಿಷ್! ಪರದೇಶದ ಭಾಷಾ!"

"ಆತ್ರೀ, ಆತು," ಎಂದು ಭೀಮಮ್ಮ ದನಿ ತಗ್ಗಿಸಿದಳು. "ದೊಡ್ಡ ಮಂತ್ರ ಯಾರರೆ ಬಯಲಾಗ ಒಪ್ಪಿಕೊಂತಾರೇನು? ಕಿವ್ಯಾಗ ಹೇಳೋದದು. ನಾ ಯಾರ ಮುಂದೂ ಅನ್ನಂಗಿಲ್ಲ ಬಿಡ್ರಿ."

ಯಾರ ಮುಂದೂ ಅನ್ನುವುದಿಲ್ಲ ಎಂದವಳು ಓಣಿಯಲ್ಲಿ ಒಂದು ಮನೆ ಬಿಡಲಿಲ್ಲ. ಆಚಾರ್ಯರು ಉಂಡು, ಕೋಟು ಹಾಕಿಕೊಂಡು, ಬಸ್ಸಿಗೆಂದು ಹೊರಗೆ ಕಾಲಿಡುವ ಹೊತ್ತಿಗೆ ಕಟ್ಟೆಯ ಮುಂದೆ ಜನ ಸೇರಿದ್ದರು. ಅಳುವ ಕೂಸು ಒಬ್ಬಳಿಗೆ, ಗೊರಕೆ ಹೊಡೆಯುವ ಗಂಡ ಇನ್ನೊಬ್ಬಳಿಗೆ. ಭೀಮಮ್ಮನ ಗಂಡ ಮಾರ್ಕಂಡೇಯ ಹೊಸ್ತಿಲಿಗೆ ಅಡ್ಡಲಾಗಿ ಉದ್ದಂಡ ಬಿದ್ದಿದ್ದ.

"ಮುಂಜಾನಿಂದ ಮಗ್ಗದಾಗ ಎಳಿ ಹರಿಯಾಕತ್ತಾವ್ರಿ. ಮದುವಿ ಸೀರಿ, ನಾಳಿ ಮುಗಿಸಿ ಕೊಡಬೇಕು. ಒಂದ್ಸಲ ಬಂದು ನಿಂತು ಮಂತ್ರ ಅನ್ರಿ, ನಿಮ್ಮ ಪಾದ ಹಿಡಕೊಂತೀನಿ."

"ನನ್ನ ನೌಕರಿ ಹೋಗ್ತದೋ ಮಾರಾಯಾ! ಏಳು!"

"ದಾಟಿ ಹೋಗ್ರಿ ಬೇಕಾದ್ರ."

ಬಿದ್ದವನನ್ನು ದಾಟಿ ಹೋಗಬಾರದೆಂಬುದು ಆಚಾರ್ಯರಿಗೂ ಗೊತ್ತು, ಮಾರ್ಕಂಡೇಯನಿಗೂ ಗೊತ್ತು. ಹಲ್ಲು ಕಡಿಯುತ್ತ ಮಗ್ಗದ ಮನೆಗೆ ಹೋದರು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಮಾರ್ಕಂಡೇಯನ ಬೆನ್ನ ಹಿಂದೆ ನಿಂತು, ಬಂದ ಸಿಟ್ಟನ್ನೆಲ್ಲ ಭವಿಷ್ಯತ್ಕಾಲಕ್ಕೆ ಸುರಿದರು.

"ಹಾಬ್ಲಾರೇ! ಹಾಬ್ಲಾರಾಸ್! ಹಾಬ್ಲಾರಾ!"

ಎಳೆ ಹರಿಯಲಿಲ್ಲ. ಅದುವರೆಗೆ ಗಾಬರಿಯಲ್ಲಿ ಜಗ್ಗುತ್ತಿದ್ದವನು ಮಂತ್ರ ಕೇಳಲೆಂದು ಕೈ ಮೆತ್ತಗೆ ಮಾಡಿದ್ದ, ಅಷ್ಟೇ. ಆದರೆ ಅದನ್ನು ಯಾರಿಗೆ ಹೇಳುವುದು? ಬಾಗಿಲಲ್ಲಿ ನಿಂತ ಜನ ಕೈಮುಗಿದರು. ಭೀಮಮ್ಮ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಒಂದು ಕುಪ್ಪಸದ ಖಣ ಇಟ್ಟುಕೊಂಡು ಬಂದಳು. ಆಚಾರ್ಯರ ತಾಳ್ಮೆ ಅಲ್ಲಿಗೆ ಮುಗಿಯಿತು.

"ಇದನ್ನ ಒಳಗ ಇಡು! ನಮ್ಮ ಅಜ್ಜ ಮಂತ್ರಕ್ಕಂತ ಒಂದು ವೀಳ್ಯದೆಲಿ ಸುದ್ದಾ ಮುಟ್ಟಿದವರಲ್ಲ, ನಾನೂ ಮುಟ್ಟೋನಲ್ಲ!"

"ನೋಡ್ರೆವ್ವಾ," ಎಂದಳು ಭೀಮಮ್ಮ ತಣ್ಣಗೆ. "ಮಂತ್ರ ಅಂತ ಅವರ ಬಾಯಾಗಿಂದಾನ ಬಂತು."

ಬಾಯಿ ತಪ್ಪಿದ ಮಾತಿಗೆ ಬಸ್ಸೂ ತಪ್ಪಿತು. ಕೊನೆಗೆ ಮಾರ್ಕಂಡೇಯನೇ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಮಕ್ತಲ್‌ಗೆ ಹೊರಟ. ದಾರಿಯುದ್ದಕ್ಕೂ ಆಚಾರ್ಯರು ಅವನ ಬೆನ್ನಿಗೆ ಬೈದರು. ಓದಿಲ್ಲ, ಬರೆದಿಲ್ಲ, ಕೋಟಿನವನು ಅಂದರೆ ಅಧಿಕಾರಿ, ಪಂಚೆಯವನು ಅಂದರೆ ಮಂತ್ರವಾದಿ, ಇಷ್ಟೇ ನಿಮ್ಮ ತಿಳಿವಳಿಕೆ ಎಂದರು.

"ಬಲ್ಲವರೊಬ್ಬರು ಕೇಳಿದ್ರ ತಿಳೀತದ ಇದು ಏನಂತ. ಆ ದೇಶದವರೇ ಬಂದು ಹೇಳಿದ್ರರೆ ನಂಬ್ತೀಯೋ ಇಲ್ಲೋ?"

"ನಂಬತೀನ್ರಿ," ಎಂದ ಮಾರ್ಕಂಡೇಯ. "ಅವರು ಹೇಳಿದ್ದು ಒಪ್ಪತೀನಿ. ನೀವೂ ಒಪ್ಪಬೇಕು ಮತ್ತ."

"ಒಪ್ತೀನಿ! ನೂರು ಸಲ ಒಪ್ತೀನಿ!"

ಶಾಲೆಯ ತರಗತಿಗೆ ಕಾಲಿಟ್ಟರೆ ಸಾಯಿಪ್ರಸಾದನ ಪಕ್ಕದಲ್ಲಿ ಒಬ್ಬ ಬಿಳಿಯ ಹೆಂಗಸು ಕೂತಿದ್ದಳು. ನಾರಾಯಣಪೇಟೆ ಸೀರೆ ಉಟ್ಟಿದ್ದಳು, ಕೊರಳಲ್ಲಿ ತುಳಸಿಮಣಿ.

"ಈಕೆ ಪಿಲಾರ್ ಮೇಡಂ ಸಾರ್. ಸ್ಪೇನ್‌ದಾಕೆ. ನಮ್ಮ ಕಡೆ ಸೀರೆ ನೋಡಾಕ ಬಂದಾರ. ನಿಮ್ಮ ಪಾಠ ಅವರೇ ಪರೀಕ್ಷೆ ಮಾಡ್ತಾರ. ಏನು ಪಾಠ ಅಂತ ಅವರಿಗೆ ಹೇಳಿಲ್ಲ, ಕೇಳಿ ಅವರೇ ಗುರುತಿಸ್ಲಿ."

ಬೇರೆಯವರಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಆಚಾರ್ಯರಿಗೆ ಮಾತ್ರ ಸಾಕ್ಷಾತ್ ಗುರುರಾಯರೇ ಸಾಕ್ಷಿ ಹೇಳಲು ಕಳಿಸಿದಂತಾಯಿತು. ಬಾಗಿಲಲ್ಲಿ ನಿಂತಿದ್ದ ಮಾರ್ಕಂಡೇಯನ ಕಡೆ ಒಮ್ಮೆ ಗತ್ತಿನಿಂದ ನೋಡಿ, ಕಣ್ಣುಮುಚ್ಚಿ ಶುರು ಹಚ್ಚಿಕೊಂಡರು. ಕಣ್ಣು ಮುಚ್ಚಿದ್ದೇ ತಡ, ಬಲಗೈ ತಾನಾಗಿ ಎದ್ದಿತು. ವರ್ತಮಾನ ಹೇಳಿದರು, ಭೂತಗಳನ್ನೆಲ್ಲ ಹೇಳಿದರು, ವಿಧ್ಯರ್ಥದಲ್ಲಿ ಆಜ್ಞಾಪಿಸಿದರು, ಸಂಭಾವನಾರ್ಥದಲ್ಲಿ ದನಿಯನ್ನು ಗಂಟೆಯ ನಾದದಂತೆ ಎಳೆದರು. ಮಕ್ಕಳು ಅವರ ಸಂಸ್ಕೃತ ತರಗತಿಯಲ್ಲಿ ಕಲಿತ ಪ್ರಕಾರ ಪ್ರತಿ ಸಾಲನ್ನೂ ರಾಗವಾಗಿ ಒಪ್ಪಿಸಿದರು. ಒಂದು ಹಕಾರವೂ ಜಾರಲಿಲ್ಲ.

ಕಣ್ಣು ತೆರೆದಾಗ ಪಿಲಾರ್ ಅಳುತ್ತಿದ್ದಳು.

ಎದ್ದು ಬಂದು ಕೈಮುಗಿದಳು. ಇಂಗ್ಲಿಷಿನಲ್ಲಿ ಅವಳು ಹೇಳಿದ್ದರ ಸಾರ ಇಷ್ಟು: ನಿಜವಾದ ಮಂತ್ರ ಕೇಳುವವರ ತಾಯಿನುಡಿಯಲ್ಲೇ ಕೇಳಿಸುತ್ತದೆ ಎಂದು ಋಷಿಕೇಶದಲ್ಲಿ ಒಬ್ಬ ಸಾಧು ಅವಳಿಗೆ ಹೇಳಿದ್ದರಂತೆ. ಇಷ್ಟು ದಿನ ನಂಬಿರಲಿಲ್ಲವಂತೆ. ಇವತ್ತು ಈ ಮಹಾನುಭಾವರು ಅನ್ನುವಾಗ ನಡುನಡುವೆ ತನ್ನ ಅಮ್ಮನ ಸ್ಪ್ಯಾನಿಷ್ಷೇ ಕೇಳಿಸಿದಂತಾಯಿತಂತೆ!

"ಕೇಳಸ್ತದ ತಾಯೀ!" ಎಂದು ಆಚಾರ್ಯರು ಕೂಗಿಕೊಂಡರು. "ಯಾಕ ಕೇಳಸಂಗಿಲ್ಲ? ಅದು ಸ್ಪ್ಯಾನಿಷ್ಷೇ! ನಿಮ್ಮದೇ ಸ್ಪ್ಯಾನಿಷ್! ಏ ಸಾಯಿಪ್ರಸಾದ್, ಹೇಳ್ರೀ ಆಕಿಗೆ!"

ಸಾಯಿಪ್ರಸಾದ್ ಹೇಳಿದ. ಪಿಲಾರ್ ಕಣ್ಣೊರೆಸಿಕೊಂಡು ನಕ್ಕಳು. ಒಪ್ಪಿಕೊಳ್ಳದವರೇ ನಿಜವಾದ ಗುರುಗಳು ಎಂದಳು. ಅರ್ಥವನ್ನಾದರೂ ತಿಳಿಸಬೇಕೆಂದು ಬೇಡಿಕೊಂಡಳು. ಆಚಾರ್ಯರು ಸಿಟ್ಟಿನಲ್ಲೇ ತಮಗೆ ಬಂದ ಇಂಗ್ಲಿಷಿನಲ್ಲಿ, ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀ, ಅವನು ಮಾತಾಡುತ್ತಾನೆ ಎಂದರು.

"ನಾನು, ನೀನು, ಅವನು, ಎಲ್ಲರೊಳಗೂ ಒಂದೇ ಮಾತು," ಎಂದು ಪಿಲಾರ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಎಷ್ಟು ಆಳ!" ಸಾಯಿಪ್ರಸಾದ್ ಅದನ್ನು ಕನ್ನಡ ಮಾಡಿ ಹೇಳಿದ.

"ನಾವೂ ಮುಂಜಾನಿಂದ ಅದನ್ನ ಅನ್ನಾಕತ್ತೀವಲ್ರೀ," ಎಂದ ಮಾರ್ಕಂಡೇಯ ಬಾಗಿಲಿಂದ. "ಈಗರ ಒಪ್ರಿ ಆಚಾರ್ರ. ಆ ದೇಶದೋರ ಹೇಳಿದ್ರು."

ಸಾಯಿಪ್ರಸಾದನ ಮುಖ ಕಪ್ಪಿಟ್ಟಿತು.

"ಅರೆ, ಏಂದಿ ಸಾರ್ ಇದಿ, ಏನಿದು? ಸ್ಪ್ಯಾನಿಷ್ ಹೇಳ್ರಿ ಅಂದ್ರೆ ಮಂತ್ರ ಹೇಳಿ ದಾಟಿಸಾಕ ನೋಡ್ತೀರಾ? ಮೇಡಂ ಇರಲಿಲ್ಲಾಂದ್ರೆ ನಾನು ನಂಬೇ ಬಿಡ್ತಿದ್ದೆ!"

"ಸ್ವಾಮೀ, ಆ ಹಾಳಿ ನೋಡ್ರಿ, ನೀವೇ ಕೊಟ್ಟಿದ್ದು…"

ಪಿಲಾರ್ ಜೊತೆ ಒಂದಿಷ್ಟು, ಮಾರ್ಕಂಡೇಯನ ಜೊತೆ ಒಂದಿಷ್ಟು ಪಿಸುಗುಟ್ಟಿ ಸಾಯಿಪ್ರಸಾದ್ ತಿರುಗಿ ಬಂದ.

"ಹಾಳೆ ಯಾಕೆ ಸಾರ್, ಸ್ಪೇನ್‌ದಾಕೇನೇ ಎದುರಿಗಿದ್ದಾಳ. ಸ್ಪ್ಯಾನಿಷ್ ಇನ್ನು ಮೇಡಮೇ ಹೇಳ್ತಾರೆ. ಸಂಬಳ ಬೇಡ ಅಂದಾರ. ಒಂದೇ ಷರತ್ತು, ನೀವು ಅವರಿಗೆ ಈ ಮಂತ್ರ ಕಲಿಸಬೇಕು. ದಿನಾ ಮುಂಜಾನೆ ಶಾಲೆ ಪ್ರಾರ್ಥನೆಗೂ ಬಂದು ಇದನ್ನೇ ಹೇಳ್ರಿ."

"ಮತ್ತ ನನ್ನ ಸಂಬಳ?"

"ಛೇ ಛೇ, ನಾವು ಅಷ್ಟು ಪಾಪಿಗಳಾ ಸಾರ್? ಮಂತ್ರಕ್ಕಂತ ನೀವು ವೀಳ್ಯದೆಲೆ ಸಹ ಮುಟ್ಟಂಗಿಲ್ಲಂತ. ಈಗ ತಾನೇ ಮಾರ್ಕಂಡೇಯ ಹೇಳಿದ."

ಮಾತಾಡು ಎಂಬ ಧಾತುವನ್ನು ಸಕಲ ಕಾಲಗಳಲ್ಲೂ ಬಲ್ಲ ವಾದೀಂದ್ರಾಚಾರ್ಯರಿಗೆ ಆ ಕಾಲದಲ್ಲಿ ಒಂದು ಮಾತೂ ಹೊರಡಲಿಲ್ಲ.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಕಟ್ಟೆಯ ಮೇಲೆ ಇಡೀ ಓಣಿ ಕೂತಿತ್ತು. ಎಲ್ಲರ ಮುಂದೆ ಚಾಪೆ ಹಾಸಿಕೊಂಡು ಪಿಲಾರ್. ಸಾಯಿಪ್ರಸಾದನ ಕಾರು ಅವಳನ್ನು ಮೊದಲೇ ತಲುಪಿಸಿತ್ತು. ಭೀಮಮ್ಮ ಅವಳಿಗೆ ಎಮ್ಮೆಯ ಕಥೆಯನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದಳು. ವಸುಧಾಬಾಯಿ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದರು.

"ನೌಕರಿ ಉಳೀತೇನ್ರಿ?"

ಹೆಂಡತಿಯ ಆ ಒಂದು ಪ್ರಶ್ನೆಗೆ ಆಚಾರ್ಯರೊಳಗೆ ಬೆಳಗಿನಿಂದ ಕುದಿಯುತ್ತಿದ್ದದ್ದೆಲ್ಲ ಉಕ್ಕಿ ಬಂತು. ಕೈಯಲ್ಲಿದ್ದ ಕೊಡೆಯನ್ನು ನೆಲಕ್ಕೆ ಕುಟ್ಟಿ, ಕಟ್ಟೆಯ ಕಡೆ ತಿರುಗಿ, ಓಣಿ ನಡುಗುವಂತೆ ಗರ್ಜಿಸಿದರು.

"ಹೋಗ್ರಿ! ಎಲ್ಲಾರೂ ಹೋಗ್ರಿ ಇಲ್ಲಿಂದ!"

ಪಿಲಾರ್ ಭಕ್ತಿಯಿಂದ ಕಣ್ಣುಮುಚ್ಚಿ, ಬಲಗೈಯನ್ನು ಬೆಳಿಗ್ಗೆ ನೋಡಿದ ಹಾಗೆಯೇ ಎತ್ತಿ ಇಳಿಸುತ್ತ, ರಾಗವಾಗಿ ಅಂದಳು.

"ಓಗ್ರೀ… ಎಲ್ಲಾರೂ ಓಗ್ರೀ…"

"ಓ ಅಲ್ಲ ತಾಯೀ, ಹೋ!" ಎಂದುಬಿಟ್ಟರು ಆಚಾರ್ಯರು, ತಡೆಯಲಾರದೆ. "ಹಕಾರ ನುಂಗಬಾರದು! ಅನ್ರಿ ಇನ್ನೊಮ್ಮೆ, ಹೋ!"

ಅಂದ ಮೇಲೆಯೇ ತಾನು ಏನು ಮಾಡಿದೆನೆಂದು ಅವರಿಗೆ ಹೊಳೆದದ್ದು. ಅಷ್ಟರಲ್ಲಿ ಸಂಥೆ ಶುರುವಾಯಿತೆಂದು ಓಣಿಯೆಲ್ಲ ಕೈಮುಗಿದು ಒಕ್ಕೊರಲಿನಿಂದ "ಹೋಗ್ರೀ" ಅನ್ನತೊಡಗಿತ್ತು. ಯಾರೂ ಕದಲಲಿಲ್ಲ. ಭೀಮಮ್ಮ ಮಾತ್ರ ಚರಿಗೆ ಹಿಡಿದು ಮನೆಗೆ ಓಡಿದಳು. ಗೋಡೆಯಾಚೆ ಎಮ್ಮೆ ಕಿವಿ ನಿಮಿರಿಸಿ ಹಾಲಿಗೆ ನಿಂತಿತ್ತು.