ಮೂಲೆ ಮರದ ಬುಡದ ಉಂಗುರ

ಕಳೆದುಹೋದ ಒಡವೆಗೂ ಅದರ ಒಡೆಯನಿಗೂ ನಡುವಿನ ಸಂಬಂಧ ಬಹಳ ಗಹನವಾದುದು. ಒಡವೆ ಮಣ್ಣಿನಲ್ಲಿ ಹೂತುಹೋದರೂ ಆ ಸಂಬಂಧ ಕಡಿಯುವುದಿಲ್ಲ. ಆದ್ದರಿಂದ ಸಿಕ್ಕಿದವನು ಅದನ್ನು ಒಡೆಯನಿಗೆ ತಲುಪಿಸಲೇಬೇಕು. ಈ ಮಾತನ್ನು ನಾನು ನಮ್ಮೂರ ಶಾಲೆಯಲ್ಲಿ ವರ್ಷವರ್ಷವೂ ಮಕ್ಕಳಿಗೆ ಎದೆ ತಟ್ಟಿಕೊಂಡು ಹೇಳುತ್ತಾ ಬಂದಿದ್ದೇನೆ. ಹೇಳುವುದು ಕಷ್ಟವೇನೂ ಆಗಿರಲಿಲ್ಲ. ಅಲ್ಲಿಯವರೆಗೆ ನನಗೆ ಏನೂ ಸಿಕ್ಕಿರಲಿಲ್ಲ.

ಸಿಗುವ ಕಾಲ ಬಂದದ್ದು ನನ್ನ ಹೆಂಡತಿಯ ಕಿವಿಯ ದೆಸೆಯಿಂದ. ನಮ್ಮ ನೊಣವಿನಕೆರೆ ಕಡೆ ತೆಂಗಿನ ತೋಟ ಇದ್ದವರ ಮನೆಯಲ್ಲಿ ಯಾರಾದರೊಬ್ಬರು ಬೆಳಕು ಹರಿಯುವಾಗಲೇ ತೋಟ ಸುತ್ತಿ, ತಾವಾಗಿ ಬಿದ್ದ ಉದುರುಗಾಯಿಗಳನ್ನು ಆಯ್ದು ತರುವುದು ವಾಡಿಕೆ. ತಡವಾಗಿ ಹೋದರೆ ಕಾಯಿ ಬಿದ್ದೇ ಇರುವುದಿಲ್ಲ. ಇದು ಪ್ರಕೃತಿಯ ಒಂದು ವೈಚಿತ್ರ್ಯ. ಪಕ್ಕದ ತೋಟದವರು ಬೇಗ ಎದ್ದ ದಿನ ನಮ್ಮ ಮರಗಳು ವಿಶೇಷವಾಗಿ ಜಿಪುಣವಾಗಿಬಿಡುತ್ತವೆ. ನಮ್ಮ ಮನೆಯಲ್ಲಿ ಈ ಕೆಲಸ ಗಿರಿಜೆಯದು. ಆ ಹೊತ್ತಿನಲ್ಲಿ ನನಗೆ ನಿದ್ದೆಯ ಕೆಲಸ ಇರುತ್ತದೆ. ಆ ವರ್ಷ ನಮ್ಮ ಮನೆಯ ಚಟ್ನಿಗೆ ಹಿಂದೆಂದೂ ಇಲ್ಲದ ಒಂದು ಸಿಹಿ ಬಂದಿತ್ತು. "ನಮ್ಮ ತೋಟದ ಮಣ್ಣಿನ ಗುಣ ನೋಡಿ!" ಎಂದು ತಿಪಟೂರಿನ ಬಸ್ಸಿನಲ್ಲಿ ಪಕ್ಕದ ತೋಟದ ರುದ್ರಪ್ಪನವರಿಗೇ ನಾನು ಕೊಚ್ಚಿಕೊಂಡದ್ದೂ ಉಂಟು. ಅವರು ಕಿಟಕಿಯಾಚೆ ನೋಡುತ್ತಾ, "ಇರಬೈದು ಮೇಷ್ಟ್ರೇ, ಇರಬೈದು" ಎಂದಿದ್ದರು.

ಒಂದು ಬೆಳಗ್ಗೆ ಗಿರಿಜೆ ತೋಟದಿಂದ ಬಂದಾಗ ತಲೆಯ ಮೇಲೆ ಒಣಗರಿಯ ಹೊರೆ ಇತ್ತು, ಮಡಿಲಲ್ಲಿ ಕಾಯಿ ಇತ್ತು, ಬಲಗಿವಿಯಲ್ಲಿ ಓಲೆ ಇತ್ತು. ಎಡಗಿವಿಯಲ್ಲಿ ಇರಲಿಲ್ಲ.

"ಎಲ್ಲಿ ಬಿತ್ತೇ?"

"ತೋಟದಲ್ಲಿ ಕಣ್ರೀ."

"ತೋಟದಲ್ಲಿ ಅಂದ್ರೆ ಎಲ್ಲಿ?"

"ಎಲ್ಲಿ ಅಂತ ಗೊತ್ತಿದ್ದಿದ್ರೆ ಬುಟ್ಟು ಬತ್ತಿದ್ನಾ?"

ಓಲೆ ಅವಳ ತಾಯಿಯದು. ತಾಯಿ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದಿದ್ದ ಒಡವೆ ಅದೊಂದೇ. ಗಿರಿಜೆ ಅಳಲಿಲ್ಲ, ರಂಪ ಮಾಡಲಿಲ್ಲ. ಖಾಲಿ ಕಿವಿಗೆ ಒಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡು, ನನಗೆ ಬಡಿಸುವಾಗಲೆಲ್ಲ ಆ ಕಡ್ಡಿಯೇ ಕಾಣುವಂತೆ ನಿಂತುಕೊಳ್ಳತೊಡಗಿದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು; ಬೇವಿನ ಕಡ್ಡಿಗೆ ಏನು ಸಮಾಧಾನ ಹೇಳುವುದು? ಇಡೀ ತೋಟದ ತರಗನ್ನು ಗುಡಿಸಿ ಜರಡಿ ಹಿಡಿದದ್ದಾಯಿತು. ಓಲೆ ಸಿಗಲಿಲ್ಲ.

ಆಗ ನೆನಪಾದವರು ತಿಪಟೂರಿನ ರಹೀಮ್ ಸಾಬರು. ಅವರದು ರೇಡಿಯೋ ರಿಪೇರಿ ಅಂಗಡಿ. ಕೆಟ್ಟ ಟ್ರಾನ್ಸಿಸ್ಟರೊಂದನ್ನು ಒಂದು ಕೋಲಿಗೆ ಬಿಗಿದು, ಕೋಲಿನ ತುದಿಗೆ ಜರಡಿಯ ಬಳೆ ಕಟ್ಟಿ, ಅದಕ್ಕೆ ತಾಮ್ರದ ತಂತಿ ಸುತ್ತಿ, ನೆಲದೊಳಗಿನ ಲೋಹ ಹುಡುಕುವ ಒಂದು ಮಿಷನ್ನನ್ನು ಅವರು ತಯಾರಿಸಿದ್ದರು. ಲೋಹ ಎದುರಾದರೆ ಅದು ಕುಂಯ್ ಎನ್ನುತ್ತಿತ್ತು. ಎದುರಾಗದಿದ್ದರೂ ಬೇಜಾರಾದಾಗ ಒಮ್ಮೊಮ್ಮೆ ಅನ್ನುತ್ತಿತ್ತು.

"ಚಿನ್ನ ತೋರಿಸುತ್ತಾ ಸಾಬರೇ?"

"ಕುಂಯ್ ಅಂತದೆ ಸಾರ್. ಚಿನ್ನವೋ ಮೊಳೆಯೋ, ನೀವೇ ಅಗೀಬೇಕು. ಯಾರದು ಅಂತಾನೂ ಅದು ಹೇಳಲ್ಲ. ಒಂದೇ ಷರತ್ತು. ನನ್ನ ಮಿಷನ್‌ನಲ್ಲಿ ಸಿಕ್ಕಿದ್ದು ಯಾರದೋ ಅವರಿಗೇ ಹೋಗಬೇಕು. ಇಲ್ಲದಿದ್ರೆ ನಾಳೆ ನನ್ನ ಅಂಗಡಿಗೆ ಕಳ್ಳರೇ ಬತ್ತಾರೆ, ರೇಡಿಯೋ ಬರಲ್ಲ."

ನನ್ನಂಥವನಿಗೆ ಷರತ್ತೇ? ಒಡವೆ ಮತ್ತು ಒಡೆಯ ಎಂಬ ವಿಷಯದ ಮೇಲೆ ಅಂಗಡಿಯಲ್ಲೇ ಒಂದು ಸಣ್ಣ ಪಾಠ ಮಾಡಿ ಮಿಷನ್ ತಂದೆ.

ಆ ಭಾನುವಾರ ನಮ್ಮ ತೋಟದಲ್ಲಿ ಸಿಕ್ಕಿದ ಸಂಪತ್ತು ಅಪಾರ: ಎತ್ತಿನ ಲಾಳಗಳು, ಸೋಡಾ ಬಾಟಲಿಯ ಮುಚ್ಚಳಗಳು, ನನ್ನ ತಂದೆಯವರು ಯಾರೋ ಕದ್ದರೆಂದು ಸಾಯುವವರೆಗೂ ಶಪಿಸುತ್ತಿದ್ದ ಕುಡುಗೋಲು. ಕೊನೆಗೆ ಮೂಲೆಯ ಮರದ ಬುಡದಲ್ಲಿ ಮಿಷನ್ ಹೊಸ ಬಗೆಯಲ್ಲಿ ಕುಂಯ್‌ಗುಟ್ಟಿತು. ಅಗೆದರೆ ಒಂದು ಉಂಗುರ. ಚಿನ್ನದ್ದು, ಕೆಂಪು ಕಲ್ಲಿನದು.

ಆ ಉಂಗುರವನ್ನು ಗುರುತಿಸದವರು ನಮ್ಮೂರಲ್ಲಿ ಇರಲಿಲ್ಲ. ಅದು ರುದ್ರಪ್ಪನವರಿಗೆ ಮಾವ ಕೊಟ್ಟ ಉಂಗುರ. ಕೊಬ್ಬರಿಯ ಧಾರಣೆ ಹೇಳುವಾಗಲೂ ಅವರು ಅದೇ ಬೆರಳನ್ನು ಮುಂದೆ ಚಾಚಿ ಹೇಳುತ್ತಿದ್ದರು. ಹಿಂದಿನ ವರ್ಷ ಕೆರೆಯಲ್ಲಿ ಎತ್ತು ತೊಳೆಯುವಾಗ ಜಾರಿಹೋಯಿತೆಂದು ಅವರೇ ಊರಿಗೆಲ್ಲ ಸಾರಿದ್ದರು. ಅವರ ಹೆಂಡತಿ ನಂಜಮ್ಮ, ತವರಿನ ಉಂಗುರ ಹೋಯಿತಲ್ಲ ಎಂದು ಎರಡು ದಿನ ಒಲೆ ಹಚ್ಚದೆ, ಮೂರನೆಯ ದಿನ ಕೆರೆಗೆ ಹೋಗಿ ಗಂಗಮ್ಮನಿಗೆ ಪೂಜೆಯನ್ನೂ ಮಾಡಿಸಿದ್ದರು. ಅಂಥ ಉಂಗುರ ಕೆರೆಯಿಂದ ಎದ್ದು ನಮ್ಮ ಮೂಲೆ ಮರದ ಬುಡಕ್ಕೆ ಬಂದು, ಉದುರುಗಾಯಿ ಬೀಳುವ ಜಾಗದಲ್ಲೇ ಹೂತುಕೊಂಡಿತ್ತು!

ನನಗೆ ಆದ ಸಂತೋಷ ಓಲೆ ಸಿಕ್ಕಿದ್ದರೂ ಆಗುತ್ತಿರಲಿಲ್ಲ. ಗಿರಿಜೆ ಮಾತ್ರ ಅದನ್ನು ಹೊಸಿಲೊಳಗೆ ಬಿಟ್ಟುಕೊಳ್ಳಲಿಲ್ಲ. "ಸಿಕ್ಕಿದ ಚಿನ್ನ ಮನೇಲಿ ಇಟ್ಕೋಬಾರ್ದು ಕಣ್ರೀ, ಕೇಡು. ಮೊದಲು ಕೊಟ್ಟು ಬನ್ನಿ. ಎಲ್ಲಿ ಸಿಕ್ತು ಅಂತ ಮಾತ್ರ ಹೇಳಬೇಡಿ" ಎಂದು ಅದನ್ನು ಒಂದು ಕರಟದೊಳಗೆ ಹಾಕಿ ಕೊಟ್ಟಿಗೆಯ ಗೂಡಿನಲ್ಲಿಟ್ಟಳು. ಎಲ್ಲಿ ಸಿಕ್ಕಿತೆಂದು ಹೇಳದೆ ಕೊಡುವುದಾದರೆ ಕೊಡುವುದರಲ್ಲಿ ಸ್ವಾರಸ್ಯವೇನು?

ಸಂಜೆ ರುದ್ರಪ್ಪನವರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು.

"ರುದ್ರಣ್ಣ, ಒಂದು ಉಂಗುರ ಸಿಕ್ತು."

"ಎಲ್ಲಿ ಮೇಷ್ಟ್ರೇ?"

"ನಮ್ಮ ತೋಟದಲ್ಲಿ. ಮೂಲೆ ಮರದ ಬುಡದಲ್ಲಿ."

ಒಳಗೆ ನಂಜಮ್ಮನವರ ಒರಳಿನ ಸದ್ದು ನಿಂತಿತು. ರುದ್ರಪ್ಪನವರು ಉಂಗುರ ನೋಡಿದರು. ಹೆತ್ತ ಮಗು ಸಂತೆಯಲ್ಲಿ ಎದುರಾದರೂ ಹೆಸರು ಹಿಡಿದು ಕರೆಯಲಾರದವರ ಹಾಗೆ ನೋಡಿದರು.

"ನಂದಲ್ಲ ಬುಡಿ. ನಂದು ಕೆರೇಲಿ ಹೋಯ್ತಲ್ಲ."

"ಕೆಂಪು ಕಲ್ಲು ಹಂಗೇ ಇದೆಯಲ್ಲ?"

"ಕೆಂಪು ಕಲ್ಲು ನಂಗೊಬ್ಬನಿಗೇನಾ ಬರೆದುಕೊಟ್ಟಿರೋದು?"

"ಬೆರಳಿಗೆ ಹಾಕ್ಕೊಂಡು ನೋಡ್ಬಾರ್ದಾ?" ಎಂದಿತು ಒಳಗಿನ ದನಿ.

"ನೀ ಸುಮ್ಕಿರೇ!"

ನಾನು ಉಂಗುರವನ್ನು ನಿಧಾನವಾಗಿ, ಅವರ ಕಣ್ಣು ಅದರ ಜೊತೆಯಲ್ಲೇ ಬರುವಷ್ಟು ನಿಧಾನವಾಗಿ, ಜೇಬಿಗೆ ಇಳಿಸಿಕೊಂಡು ಎದ್ದೆ. ಒಡೆಯನಿಗೆ ತಲುಪಿಸಲು ಹೋದೆ, ಒಡೆಯನೇ ಒಲ್ಲೆನೆಂದ. ಧರ್ಮಕ್ಕೆ ನನ್ನಿಂದ ಕುಂದೇನೂ ಬರಲಿಲ್ಲ. ಉಂಗುರ ಮತ್ತೆ ಕೊಟ್ಟಿಗೆಯ ಕರಟ ಸೇರಿತು. ಮರುದಿನವೇ ಎರಡು ತೋಟಗಳ ನಡುವೆ ಬೇಲಿ ಹಾಕಿಸಲು ಕಲ್ಲುಕಂಬ ತರಿಸಿ ಇಳಿಸಿದೆ. ಇಳಿಸುವಾಗ ರುದ್ರಪ್ಪನವರಿಗೆ ಕೇಳಿಸುವಷ್ಟು ಸದ್ದಾಗಲೆಂದು ನಾನೇ ನಿಂತು ನೋಡಿಕೊಂಡೆ. ಗಿರಿಜೆ ಕಂಬಗಳನ್ನು ನೋಡಿ, "ಬೇಲಿ ಯಾಕ್ರೀ ಈಗ?" ಎಂದಳು. ಅವಳ ದನಿ ಸ್ವಲ್ಪ ಇಳಿದಿತ್ತು. ನನಗೆ ಅದು ಕೇಳಿಸಿತೇ ಹೊರತು ತಿಳಿಯಲಿಲ್ಲ.

ನಾನು ಹಿಂದಿರುಗಿಸಿದ ಮಿಷನ್ನನ್ನು ರುದ್ರಪ್ಪನವರು ಕಳೆದ ಗುದ್ದಲಿ ಹುಡುಕಬೇಕೆಂದು ಹೇಳಿ ತಂದರಂತೆ. ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ ನಮ್ಮ ಜಗಲಿಗೆ ಬಂದು, ಮಡಿಸಿದ ವೀಳ್ಯದೆಲೆಯನ್ನು ನನ್ನ ಮುಂದೆ ಬಿಚ್ಚಿದರು.

"ಮೇಷ್ಟ್ರೇ, ಒಂದು ಓಲೆ ಸಿಕ್ತು."

"ಎಲ್ಲಿ ರುದ್ರಣ್ಣ?"

"ನಮ್ಮ ಗೆಂದಾಳಿ ಮರದ ಬುಡದಲ್ಲಿ."

ಈಗ ನಮ್ಮ ಮನೆಯೊಳಗಿನ ಒರಳು ನಿಂತಿತು. ಕೆಂಪುಗಾಯಿ ಬಿಡುವ ಗೆಂದಾಳಿ ಆ ಸುತ್ತಿನಲ್ಲಿ ಇದ್ದದ್ದು ಒಂದೇ ಮರ. ಅದೂ ರುದ್ರಪ್ಪನವರ ತೋಟದ ನಟ್ಟನಡುವೆ. ದಾರಿ ತಪ್ಪಿ ಅಲ್ಲಿಗೆ ಯಾರೂ ಹೋಗಲಾರರು.

"ಚಟ್ನಿ ಹೆಂಗಿದೆ ಮೇಷ್ಟ್ರೇ, ಈಗ್ಲೂ ಸಿಹಿಯಾಗೇ ಬತ್ತಾ ಇದೆಯಾ? ಮಣ್ಣಿನ ಗುಣ ಅಂದಿದ್ರಲ್ಲ!"

ನಾನು ಮಕ್ಕಳಿಗೆ ಹೇಳಿಕೊಟ್ಟ ಪಾಠವೆಲ್ಲ ನೆನಪಾಯಿತು. ಆದರೂ ಬಾಯಿಗೆ ಬಂದ ಮಾತು "ನಮ್ಮದಲ್ಲ ಬುಡಿ" ಎಂದೇ. ಅಷ್ಟರಲ್ಲಿ ಗಿರಿಜೆ ಕೈ ಒರೆಸಿಕೊಳ್ಳುತ್ತಾ ಬಂದು, ಎಲೆಯ ಮೇಲಿನ ಓಲೆ ಎತ್ತಿಕೊಂಡು, ಬೇವಿನ ಕಡ್ಡಿ ಕಿತ್ತು ಅಂಗಳಕ್ಕೆ ಎಸೆದಳು.

"ನಂದೇ ರುದ್ರಣ್ಣ. ಗರಿ ಆಯೋಕೆ ಬಂದಿದ್ದೆ."

"ಗರಿ ತಾನೇ, ಬುಡಕ್ಕ."

"ನಿಮ್ಮ ಉಂಗುರಾನೂ ನಮ್ಮ ತೋಟಕ್ಕೆ ಗರಿ ಆಯೋಕೇ ಬಂದಿತ್ತೇನೋ. ಇರಿ, ತತ್ತೀನಿ" ಎಂದು ಕೊಟ್ಟಿಗೆಗೆ ಹೋಗಿ ಕರಟ ತಂದು ಅವರ ಕೈಗಿಟ್ಟಳು.

ರುದ್ರಪ್ಪನವರ ಮುಖ ಅರಳಿ, ಮತ್ತೆ ಬಾಡಿತು. "ಕೆರೇಲಿ ಬಿತ್ತು ಅಂದ್ಬುಟ್ಟಿದೀನಲ್ಲಕ್ಕ. ಈಗ ನಂಜಿಗೆ ಏನು ಹೇಳ್ಲಿ?"

ಅದಕ್ಕೆ ಉಪಾಯ ಹೇಳಿದವನು ನಾನೇ. ಅದೇ ಸಂಜೆ ಕೆರೆಯ ದಂಡೆಯಲ್ಲಿ, ನಂಜಮ್ಮನವರ ಎದುರಿಗೆ, ಗಂಭೀರವಾದ ಮುಖ ಮಾಡಿಕೊಂಡು ಮಿಷನ್ ಆಡಿಸಿದೆ. ಸ್ವಲ್ಪ ಹೊತ್ತಿಗೆ ಮುಂಚೆ ರುದ್ರಪ್ಪನವರು ಮರಳಿನಲ್ಲಿ ಉಂಗುರ ಹೂತಿಟ್ಟಿದ್ದ ಜಾಗದಲ್ಲೇ ಅದು ಕುಂಯ್ ಎಂದಿತು. ನಂಜಮ್ಮ ಉಂಗುರವನ್ನು ತಿರುಗಿಸಿ ನೋಡಿ, ಆಮೇಲೆ ನನ್ನನ್ನೂ ಹಾಗೆಯೇ ಮೇಲಿಂದ ಕೆಳಗೆ ನೋಡಿದರು.

"ಗಂಗಮ್ಮ ಒಳ್ಳೆಯವಳು ಮೇಷ್ಟ್ರೇ. ಒಂದು ವರ್ಷ ಇಟ್ಕೊಂಡು, ಸೀಗೆಪುಡೀಲಿ ಉಜ್ಜಿ ವಾಪಸ್ ಕೊಟ್ಟವ್ಳೆ."

ಮಿಷನ್ ರಹೀಮ್ ಸಾಬರ ಅಂಗಡಿ ಸೇರಿತು. ಉಂಗುರ ರುದ್ರಪ್ಪನವರ ಬೆರಳಲ್ಲಿದೆ, ಓಲೆ ಗಿರಿಜೆಯ ಕಿವಿಯಲ್ಲಿದೆ. ಕಲ್ಲುಕಂಬಗಳು ಜಗಲಿಯ ಪಕ್ಕದಲ್ಲಿ ಬಿದ್ದಿವೆ. ಬೇಲಿ ಹಾಕಿಸಲಿಲ್ಲ.