ಹೆಸರು ಕೇಳಿ ಕಾಲಿಡಿ

ನಮ್ಮ ಸೋದರತ್ತೆಯ ಜೊತೆ ಒಮ್ಮೆ ಬೆಟ್ಟ ಹತ್ತಿದ ನೆಂಟರು ಎರಡನೆಯ ಸಲ ನಮ್ಮ ಊರಿಗೆ ಬಂದ ಉದಾಹರಣೆಯಿಲ್ಲ! ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸಾಕ್ಷ್ಯವಿಲ್ಲದೆ ಮಾತನಾಡುವವನಲ್ಲ. ಸಿಂಗಾನಲ್ಲೂರಿನ ಚಿಕ್ಕಮ್ಮ ಬಂದರು, ಹತ್ತಿದರು, ಹೋದರು, ಮತ್ತೆ ಬರಲಿಲ್ಲ. ಉಡುಮಲೈಪೇಟೆಯ ತೆಂಗಿನ ತೋಟದ ನೆಂಟರು ಬಂದರು, ಅರ್ಧ ಹತ್ತಿದರು, ಹೋದರು. ಅವರಂತೂ ಆಮೇಲೆ ಕಾಗದವನ್ನೂ ಬರೆಯಲಿಲ್ಲ. ಇನ್ನೆಂಥ ಪುರಾವೆ ಬೇಕು?

ಎಂಬತ್ತರ ದಶಕದ ನಡುವಿನ ಮಾತಿದು. ಕೊಯಮತ್ತೂರಿನಿಂದ ಪಡುವಣಕ್ಕೆ ಹೊರಟ ಬಸ್ಸು ಬೆಟ್ಟಕ್ಕೆ ಢಿಕ್ಕಿ ಹೊಡೆಯುವುದೊಂದು ಬಾಕಿ ಎನ್ನುವಷ್ಟರಲ್ಲಿ ನಿಲ್ಲುತ್ತದಲ್ಲ, ಅದೇ ನಮ್ಮ ಊರು. ಬೆಟ್ಟದ ತೊಡೆಯ ಮೇಲೆ ನಮ್ಮ ಕಾಲೇಜು, ಕಾಲೇಜಿನ ಬೇಲಿಗೆ ಅಂಟಿಕೊಂಡು ಅತ್ತೆಯ ಹೆಂಚಿನ ಮನೆ. ನೇಯ್ಗೆಯ ಕುಟುಂಬ ನಮ್ಮದು. ಮಾವ ಮಗ್ಗದ ಮುಂದೆ ಕೂತಿದ್ದಂತೆಯೇ ತೀರಿಹೋಗಿ ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅತ್ತೆ ನೂಲು ಸುತ್ತಿ ಜೀವನ ಮಾಡುತ್ತಿದ್ದರು, ನಾನು ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ.

ಊರಿನಲ್ಲಿ ನೋಡುವುದಕ್ಕೇನು ಕಡಿಮೆಯೇ? ಜಲಪಾತವಿತ್ತು, ಕಣಿವೆಯಂಚಿನಲ್ಲಿ ಕಟಕಟೆ ಹಾಕಿದ ನೋಟದ ಬಂಡೆಯಿತ್ತು, ಕಾಲೇಜಿನಲ್ಲಿ ಹುಲ್ಲು ತುಂಬಿದ ಚಿರತೆಯೊಂದು ಗಾಜಿನ ಪೆಟ್ಟಿಗೆಯಲ್ಲಿತ್ತು. ಆದರೆ ನೆಂಟರಿಗೆ ಊರು ತೋರಿಸುವ ಅಧಿಕಾರವನ್ನು ಅತ್ತೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಅವರ ತೀರ್ಪುಗಳಿಗೆ ಮೇಲ್ಮನವಿಯೂ ಇರಲಿಲ್ಲ. ಜಲಪಾತ? "ನೀರು ಬೀಳೋದು ನೋಡಕ್ಕೆ ಬಸ್ಸಾ? ಐಪಸಿ ತಿಂಗಳ ಮಳೇಲಿ ನಮ್ಮನೆ ಸೂರು ನೋಡಿದ್ರೆ ಸಾಕು." ನೋಟದ ಬಂಡೆ? "ಬರೀ ಮಂಜು. ಏನೂ ಕಾಣಲ್ಲ ಅನ್ನೋದನ್ನ ನೋಡಕ್ಕೆ ಅಷ್ಟು ದೂರ ಓಗ್ಬೇಕಾ, ಸಾಮಿ?" ಚಿರತೆ? "ಪಾಪ, ಕಾಲೇಜಲ್ಲಿ ಓದ್ತಾ ಓದ್ತಾ ಅಂಗಾಗೋಗೈತೆ!"

ಅವರ ಪ್ರಕಾರ ಊರಿನಲ್ಲಿ ನೋಡತಕ್ಕದ್ದು ಒಂದೇ: ಬೆಟ್ಟದ ಮೇಲಿನ ಮುರುಗನ ಗುಡಿಗೆ ಹೋಗುವ ನಾನೂರು ಚಿಲ್ಲರೆ ಕಲ್ಲಿನ ಮೆಟ್ಟಿಲು. ಗುಡಿಯಲ್ಲ, ದಯವಿಟ್ಟು ಗಮನಿಸಿ. ಮೆಟ್ಟಿಲು! ಗುಡಿಯ ಬಳಿಯ ಒಂದು ಬೋಳು ಮೆಟ್ಟಿಲನ್ನು ಬಿಟ್ಟರೆ ಮಿಕ್ಕ ಒಂದೊಂದರ ಮೇಲೂ ಅದನ್ನು ಹಾಕಿಸಿಕೊಟ್ಟ ದಾನಿಯ ಹೆಸರನ್ನು ತಮಿಳಿನಲ್ಲಿ ಕೆತ್ತಿದ್ದರು. ಉಳಿದ ಲೋಕವೆಲ್ಲ ಆ ಹೆಸರುಗಳನ್ನು ತುಳಿದುಕೊಂಡು ದೇವರ ಬಳಿಗೆ ಓಡುತ್ತಿತ್ತು. ಅತ್ತೆ ಹಾಗಲ್ಲ.

ಪಲ್ಲಡಂನಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿಯಿಟ್ಟಿದ್ದ ನಮ್ಮ ದೊಡ್ಡಪ್ಪ, ಎಂದರೆ ಅತ್ತೆಯ ಖಾಸಾ ಅಣ್ಣ, ಬಂದಾಗ ನಡೆದದ್ದನ್ನು ಕೇಳಿ. ಅವರು ಮೊದಲ ಮೆಟ್ಟಿಲಿಗೆ ಪಾದ ಎತ್ತಿದ್ದರಷ್ಟೆ.

"ಅಣ್ಣಾ, ನಿಲ್ಲು! ಯಾರ ಮೇಲೆ ಕಾಲಿಡ್ತಾ ಇದ್ದೀಯ?"

"ಕಲ್ಲಿನ ಮೇಲಮ್ಮಾ."

"ಕಲ್ಲಾ? ಸುಬ್ಬಾತ್ತಾಳು ಕಣಣ್ಣಾ ಅವಳು! ಹೆಸರು ಕೇಳಿ, ವಣಕ್ಕ ಹೇಳಿ, ಆಮೇಲೆ ಕಾಲಿಡು. ನಿನ್ನ ಮೈಮೇಲೆ ಯಾರಾದ್ರೂ ಮಾತಿಲ್ಲದೆ ಅತ್ತಿಕೊಂಡೋದ್ರೆ ಸುಮ್ನಿರ್ತೀಯಾ?"

ಹೀಗೆ ನಾನೂರು ಚಿಲ್ಲರೆ ವಣಕ್ಕ, ಎಂದರೆ ನಮಸ್ಕಾರ! ಸುಬ್ಬಾತ್ತಾಳಿಗೊಂದು, ಮಾರಪ್ಪ ಗೌಂಡರಿಗೊಂದು, ಉಣ್ಣಾಮಲೈ ಅಮ್ಮನಿಗೊಂದು, ರಾಮಸಾಮಿ ನಾಯ್ಡುವಿಗೊಂದು. ಇಪ್ಪತ್ತು ನಿಮಿಷದ ಬೆಟ್ಟ ಮೂರು ಗಂಟೆಯ ಬೆಟ್ಟವಾಗುತ್ತಿತ್ತು. ನಡುದಾರಿಯಲ್ಲಿ ಒಂದೇ ಒಂದು ಮೆಟ್ಟಿಲಿಗೆ ಮಾತ್ರ ಅತ್ತೆಯ ವಣಕ್ಕವಿರಲಿಲ್ಲ. ಅದು ಪೊನ್ನುಸಾಮಿ ಎಂಬ ನೂಲಿನ ವ್ಯಾಪಾರಿಯ ಮೆಟ್ಟಿಲು. ತೂಕ ಹೆಚ್ಚು ಬರಲೆಂದು ತೇವದ ನೂಲನ್ನು ಮಾವನ ತಲೆಗೆ ಕಟ್ಟಿದ ಪುಣ್ಯಾತ್ಮ! ಅಲ್ಲಿ ಅತ್ತೆ ಹಿಮ್ಮಡಿಯೂರಿ, ಮೆಣಸಿನಕಾಯಿ ಅರೆಯುವಂತೆ ಒಮ್ಮೆ ತಿರುವಿ, ಮುಂದೆ ಹೋಗುತ್ತಿದ್ದರು.

ಇಂಥ ಅತ್ತೆಯ ಮೇಲೆ ನಾನು ನನ್ನ ಮಾನವನ್ನೇ ಪಣವಿಟ್ಟೆ. ಹೇಗೆಂದರೆ, ನಮ್ಮ ಜನ ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಕನ್ನಡದ ಅಕ್ಷರ ಕಂಡವರು ಬೆರಳೆಣಿಕೆ. ನಾನೂ ಅದನ್ನು ಕಲಿತದ್ದು ಚಾಮರಾಜನಗರದಿಂದ ಬಂದ ಸಹಪಾಠಿಯೊಬ್ಬನಿಂದ. ಹೊಸದಾಗಿ ಕಲಿತವನ ಉತ್ಸಾಹ ನಿಮಗೆ ಗೊತ್ತಲ್ಲ! ಕಾಲೇಜಿನ ಚರ್ಚಾಕೂಟದ ಕಾರ್ಯದರ್ಶಿಯಾಗಿದ್ದ ನಾನು, ತಾಯಿನುಡಿಯ ಅಕ್ಷರವಿಲ್ಲದ ಮನೆ ದೀಪವಿಲ್ಲದ ಮನೆ ಎಂದು ವೇದಿಕೆಯ ಮೇಲೆ ಮುಷ್ಟಿ ಎತ್ತಿ ಗುಡುಗಿದೆ. ಚಪ್ಪಾಳೆಯಾಯಿತು. ಎದುರುಪಕ್ಷದಲ್ಲಿದ್ದ ಅದೇ ಸಹಪಾಠಿ ಎದ್ದು ನಿಂತ.

"ಗುರುವೇ, ಮಾತು ಚೆನ್ನಾಗದೆ. ನಿಮ್ಮನೇಲಿ ದೀಪ ಅದಾ? ನಿಮ್ಮತ್ತೆ ಓದ್ತಾರಾ?"

ಸಭೆ ನಕ್ಕಿತು. ನಾನು ತಣ್ಣಗಾಗಬೇಕಿತ್ತು, ಕಾದೆ. "ಯುಗಾದಿಯೊಳಗೆ ನಮ್ಮತ್ತೆ ಈ ಕೂಟದೆದುರು ಕನ್ನಡ ಓದಿ ತೋರಿಸದಿದ್ದರೆ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಡುತ್ತೇನೆ. ಮತ್ತೆಂದೂ ಸುಧಾರಣೆಯ ಮಾತೆತ್ತುವುದಿಲ್ಲ!" ಎಂದುಬಿಟ್ಟೆ. ಕನ್ನಡ ಓದಬಲ್ಲ ಇನ್ನೊಬ್ಬರು ಕೂಟದಲ್ಲಿ ಇಲ್ಲದ್ದರಿಂದ ತೀರ್ಪುಗಾರನೂ ಅವನೇ ಎಂದಾಯಿತು. ಯುಗಾದಿಗೆ ಆರು ತಿಂಗಳಿತ್ತು.

ಸ್ಲೇಟು ತಂದೆ. ಅತ್ತೆ ಅದರ ಮೇಲೆ ಹಪ್ಪಳ ಒಣಗಿಸಿದರು. ಕಾಗದದ ಅಕ್ಷರಪಟ ತಂದೆ. ಅದರಲ್ಲಿ ಗಿರಾಕಿಗೆ ನೂಲಿನ ಉಂಡೆ ಕಟ್ಟಿಕೊಟ್ಟರು. ಕೊನೆಗೆ ಕೈಮುಗಿದು ನಮ್ಮ ಮನೆಮಾತಿನಲ್ಲೇ ಬೇಡಿದೆ: "ಅತ್ತೆ, ದಿನಾ ಹತ್ತು ನಿಮಿಷ ಪಡಿ ಅಂದ್ರೆ ಏನು ಕಷ್ಟ?"

"ಅತ್ತು ನಿಮಿಷನಾ? ನಾನು ದಿನಾ ಮೂರು ಗಂಟೆ ಪಡಿ ತಾನೆ, ಕಣ್ಣು!" ಎಂದು, ಹುಡುಗರನ್ನೆಲ್ಲ ಮುದ್ದಿಗೆ 'ಕಣ್ಣು' ಎಂದೇ ಕರೆಯುವ ಅತ್ತೆ, ಬೆಟ್ಟದ ಕಡೆ ಕೈತೋರಿಸಿದರು.

ತಮಿಳಿನಲ್ಲಿ 'ಪಡಿ' ಎಂದರೆ ಓದು. 'ಪಡಿ' ಎಂದರೆ ಮೆಟ್ಟಿಲೂ ಹೌದು. ನನ್ನ ಬೇಡಿಕೆಯನ್ನು ಶ್ಲೇಷೆಯಲ್ಲಿ ಮುಳುಗಿಸಿಬಿಟ್ಟರಲ್ಲ ಎಂದು ಹಲ್ಲು ಕಡಿದೆ. ಅದು ಶ್ಲೇಷೆಯಲ್ಲ, ಶುದ್ಧ ವರದಿ ಎಂದು ಗೊತ್ತಾದದ್ದು ದೊಡ್ಡಪ್ಪ ಎರಡನೆಯ ಸಲ ಬಂದಾಗ. (ಬಂದ ಉದಾಹರಣೆಯಿಲ್ಲ ಎಂದು ಮೊದಲೇ ಹೇಳಿದೆನಲ್ಲವೇ? ಅವರು ಬಂದದ್ದು ಮೊದಲ ಸಲ ಮರೆತುಹೋದ ಕೊಡೆಯನ್ನು ಒಯ್ಯಲು. ಬೆಟ್ಟದ ಕಡೆ ಮುಖವನ್ನೂ ಹಾಕಲಿಲ್ಲ. ನನ್ನ ವಾದ ಭದ್ರವಾಗಿಯೇ ಇದೆ.)

ಬಸ್ ನಿಲ್ದಾಣದಲ್ಲಿ, ಕೊಡೆ ಹಿಡಿದು ಪಲ್ಲಡಂಗೆ ಹೊರಟ ದೊಡ್ಡಪ್ಪ, ಕನ್ನಡಕ ತರದೆ ಬಂದವರು, ಎದುರಿಗೆ ನಿಂತ ಬಸ್ಸಿಗೆ ಅವಸರದಲ್ಲಿ ಕಾಲಿಟ್ಟರು. ಅತ್ತೆ ಅವರ ಹೆಗಲ ಟವೆಲ್ಲು ಹಿಡಿದು ಎಳೆದರು.

"ಇಳಿ ಅಣ್ಣಾ! ಇದು ಉಡುಮಲೈ ಬಸ್ಸು!"

"ನಿನಗೇನಮ್ಮಾ ಗೊತ್ತು? ನೀನೇನು ಬೋರ್ಡು ಓದಿದೆಯಾ?"

"ಓದೋದು ಯಾರಿಗೆ ಬೇಕು? ಗುರುತು ಇಡಿದೆ. ನೋಡು, ಮೊದಲು ಉಣ್ಣಾಮಲೈ ಅಮ್ಮನ 'ಉ'. ಕೊನೇಲಿ 'ಮಲೈ', ಅದೂ ಅವಳದೇ. ನಡೂನಾಗೆ ರಾಮಸಾಮಿ ನಾಯ್ಡು ಬಾಲ 'ಡು' ಬಂದು ಕೂತೈತೆ. ಉಣ್ಣಾಮಲೈ ಮನೆ ನಡುವೆ ನಾಯ್ಡು ನುಗ್ಗಿದ್ರೆ ಏನಾಯ್ತು? ಉಡುಮಲೈ!"

ದೊಡ್ಡಪ್ಪ ಕಂಡಕ್ಟರನನ್ನು ಕೇಳಿದರು. ಉಡುಮಲೈಯೇ!

ನನಗೆ ಆಗ ಹೊಳೆಯಿತು. ಮೆಟ್ಟಿಲು ಹತ್ತುವ ಕಾಲೇಜಿನ ಮಕ್ಕಳನ್ನು ತಡೆದು ತಡೆದು, "ಕಣ್ಣು, ಇದು ಯಾರ ಹೆಸರು?" ಎಂದು ಎಂಟು ವರ್ಷ ಕೇಳುತ್ತ ಈ ಹೆಂಗಸು ತಮಿಳಿನ ಅಕ್ಷರಮಾಲೆಯನ್ನೇ ಹತ್ತಿ ಮುಗಿಸಿದ್ದರು! ಅದಕ್ಕೆ ಓದು ಎಂಬ ಹೆಸರಿದೆ ಎಂಬುದೊಂದು ಅವರಿಗೆ ತಿಳಿದಿರಲಿಲ್ಲ.

ಇನ್ನೇನು, ಕನ್ನಡ ಸಲೀಸು ಎಂದುಕೊಂಡೆ. ಅತ್ತೆ ಒಪ್ಪಲಿಲ್ಲ. "ಒಂದು ಗುರುತು ಸಿಕ್ತಲ್ಲ, ಸಾಕು." ನಾನು ತಾಯಿನುಡಿಯ ಋಣದ ಬಗ್ಗೆ ಹೇಳಿದೆ, ಆಕಳಿಸಿದರು. ಪರಂಪರೆಯ ಬಗ್ಗೆ ಹೇಳಿದೆ. ಒಲೆ ಊದಲು ಎದ್ದರು. ಸೋತು, ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದೆ: "ತಮಿಳಲ್ಲಿ 'ಪ'ಕ್ಕೂ 'ಬ'ಕ್ಕೂ ಒಂದೇ ಅಕ್ಷರ ಅತ್ತೆ. ಕನ್ನಡದಲ್ಲಿ ಬೇರೆ ಬೇರೆ ಇದೆ."

ಊದುಗೊಳವೆ ನಿಂತಿತು.

"ಆ ಪೊನ್ನುಸಾಮಿ 'ಪೊ' ಬೇರೆ, 'ಬೊ' ಬೇರೆಯಾ?"

"ಬೇರೆ."

"ಒಂದಕ್ಕೊಂದು ಸಂಬಂಧಾನೇ ಇಲ್ಲವಾ?"

"ಇಲ್ಲ."

"ತೋರ್ಸು."

ನನ್ನ ವಾದಸರಣಿಯಲ್ಲಿ ಯಾವುದೋ ಒಂದು ಎಳೆ ತಗುಲಿತೆಂದು ಬೀಗಿದೆ. ಎಷ್ಟು ದಡ್ಡನಿದ್ದೆ!

ಮರುದಿನದಿಂದ ಪಾಠ ಮೆಟ್ಟಿಲ ಮೇಲೆ. ಕೆತ್ತಿದ ತಮಿಳು ಹೆಸರಿನ ಪಕ್ಕ ನಾನು ಸೀಮೆಸುಣ್ಣದಿಂದ ಕನ್ನಡದಲ್ಲಿ ಅದೇ ಹೆಸರು ಬರೆಯಬೇಕು. ಅತ್ತೆ ಸೀಮೆಸುಣ್ಣವನ್ನು ಕಿತ್ತೆಸೆದು ಸೆರಗಿನಿಂದ ಅಕ್ಕಿಹಿಟ್ಟಿನ ಪೊಟ್ಟಣ ತೆಗೆದರು. "ಸುತ್ತಿ ಸುತ್ತಿ ಬರೋದು ನೋಡಿದ್ರೆ ಕನ್ನಡ ಎಲ್ಲಾ ಕೋಲದ ಥರಾನೇ ಐತೆ, ಕಣ್ಣು!" ಎಂದು, ಅಂಗಳದಲ್ಲಿ ಕೋಲಂ, ಎಂದರೆ ರಂಗೋಲಿ, ಎಳೆಯುವ ಕೈಯಿಂದ 'ಸು' ಎಳೆದರು. ನನ್ನ 'ಸು'ಗಿಂತ ದುಂಡಗಿತ್ತು.

ಗುಡಿಯ ಕಾವಲುಗಾರ ಕೋಲು ಹಿಡಿದು ಬಂದ. "ಎನ್ನಮ್ಮಾ ಇದು? ಪಡಿ ಮೇಲೆ ಎಳುತ್ತಾ?" ಮೆಟ್ಟಿಲ ಮೇಲೆ ಬರಹವೇ ಎಂದು ಅವನ ಆಕ್ಷೇಪ.

"ಎಳುತ್ತಾ? ಅಯ್ಯೋ ಸಾಮಿ, ಕೋಲಂ!" ಎಂದರು ಅತ್ತೆ.

ಅವನು ಬಗ್ಗಿ ನೋಡಿದ. ತಲೆ ತಿರುಗಿಸಿ ನೋಡಿದ. ಒಳ್ಳೆಯ ಕೋಲಂ ಎಂದು ಮೆಚ್ಚಿ ಹೋದ! ಕನ್ನಡ ಲಿಪಿಗೆ ಅದಕ್ಕಿಂತ ಪ್ರಾಮಾಣಿಕ ಹೊಗಳಿಕೆಯನ್ನು ನಾನು ಇಂದಿಗೂ ಕೇಳಿಲ್ಲ.

ಸಂಜೆಯ ಹೊತ್ತಿಗೆ ಇರುವೆಗಳು ಪಾಠವನ್ನೆಲ್ಲ ತಿಂದುಬಿಡುತ್ತಿದ್ದವು. ನಾನು ಪೇಚಾಡಿದರೆ, "ನಿನ್ನ ಸ್ಲೇಟಿನಿಂದ ಯಾರ ಹೊಟ್ಟೆ ತುಂಬ್ತು?" ಎನ್ನುತ್ತ ಮರುದಿನ ಅಷ್ಟನ್ನೂ ಹೊಸದಾಗಿ ಬರೆಯುತ್ತಿದ್ದರು. ದಿನವೂ ಅಳಿಯುವುದರಿಂದ ದಿನವೂ ಬರೆಯಲೇಬೇಕು. ಇಂಥ ಶಿಕ್ಷಣಪದ್ಧತಿ ಯಾವ ಸಮಿತಿಗೆ ಹೊಳೆದೀತು?

ಯುಗಾದಿಯ ಹಿಂದಿನ ದಿನ ಬಂತು. ವೇದಿಕೆಗೆ ಬನ್ನಿ ಎಂದರೆ ಅತ್ತೆ ಜಪ್ಪಯ್ಯ ಎನ್ನಲಿಲ್ಲ. "ನನ್ನ ಪಡಿ ಇಲ್ಲೈತೆ. ಬೇಕಾದೋರು ಬರ್ಲಿ." ಹೀಗಾಗಿ ಚರ್ಚಾಕೂಟದ ನಲವತ್ತು ಜನ ಸಾಲಾಗಿ, ಸುಬ್ಬಾತ್ತಾಳಿನಿಂದ ಹಿಡಿದು ಎಲ್ಲರಿಗೂ ವಣಕ್ಕ ಹೇಳುತ್ತ ಬೆಟ್ಟ ಹತ್ತಿದರು. ಪೊನ್ನುಸಾಮಿಯ ಮೇಲೆ ನಲವತ್ತು ಹಿಮ್ಮಡಿಗಳು ತಿರುಗಿದವು! ಗುಡಿಗೆ ಇನ್ನೊಂದು ಹತ್ತು ಹೆಜ್ಜೆಯಿರುವಾಗ ಹೆಸರು ಕೆತ್ತದ ಆ ಬೋಳು ಮೆಟ್ಟಿಲಿದೆ. ಅಲ್ಲಿ ಅತ್ತೆ ನಿಂತರು.

ಚಾಮರಾಜನಗರದವನು ಕಾಗದದ ಮೇಲೆ ಒಂದು ಸಾಲು ಬರೆದು ಕೊಟ್ಟ. ನಾನೂ ಅದನ್ನು ನೋಡಿರಲಿಲ್ಲ. ನನ್ನ ಎದೆ ಮಗ್ಗದ ಲಾಳಿಯಂತೆ ಓಡಾಡುತ್ತಿತ್ತು. ಅತ್ತೆ ಬೆರಳಿಟ್ಟು, ಒಂದೊಂದೇ ಅಕ್ಷರದ ಒಡೆಯನನ್ನು ನೆನೆದು, ನಿಧಾನವಾಗಿ ಓದಿದರು: "ಈ... ಊರಿನಲ್ಲಿ... ನೋಡಲೇ... ಬೇಕಾದದ್ದು... ಏನು?"

ಓದಿ, ತಲೆಯೆತ್ತಿ, ಉತ್ತರವನ್ನೂ ಕೊಟ್ಟರು: "ನನ್ನನ್ನೇ! ಇನ್ನೇನು?"

ಬೆಟ್ಟ ಪ್ರತಿಧ್ವನಿಸುವಂತೆ ಚಪ್ಪಾಳೆ. ಯಾರೋ ನನ್ನನ್ನು ಎತ್ತಿಕೊಂಡರು. ಕಾರ್ಯದರ್ಶಿ ಸ್ಥಾನ ಉಳಿಯಿತು! ಸುಧಾರಣೆ ಗೆದ್ದಿತು! ಆದರೆ ತೀರ್ಪುಗಾರ ಕೈಯೆತ್ತಿದ.

"ಓದಿದ್ದಾಯ್ತು ಅವ್ವಾ, ಬರೀಬೇಕಲ್ಲ? ನಿಮ್ಮ ಯಜಮಾನ್ರ ಹೆಸರು ಬರದ್ಬುಡಿ, ಒಪ್ಕೊತೀನಿ."

ನಾನು ಕೆಳಗೆ ಜಿಗಿದೆ. "ಆಕ್ಷೇಪವಿದೆ! ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ." ಅವನು ನಾಲಗೆ ಕಚ್ಚಿಕೊಂಡ.

"ನೀನು ಸುಮ್ನಿರು ಕಣ್ಣು," ಎಂದರು ಅತ್ತೆ. "ಬಾಯಲ್ಲಿ ಏಳಬಾರದು ಅಂತ ತಾನೆ ಇರೋದು? ಬರೀಬಾರದು ಅಂತ ಯಾರು ಏಳವ್ರೆ?"

ಆ ಪದ್ಧತಿಯನ್ನು ಖಂಡಿಸಿ ನಾನು ಹನ್ನೆರಡು ಪುಟದ ಭಾಷಣ ಬರೆದಿಟ್ಟಿದ್ದೆ. ಅತ್ತೆ ಪದ್ಧತಿಯನ್ನು ಮುರಿಯದೆಯೇ, ಒಂದೇ ಮಾತಿನಲ್ಲಿ ದಾಟಿಬಿಟ್ಟರು.

ಬೋಳು ಮೆಟ್ಟಿಲೆದುರು ಕುಕ್ಕರಗಾಲಿನಲ್ಲಿ ಕೂತು ಅಕ್ಕಿಹಿಟ್ಟು ತೆಗೆದರು. ಮೊದಲು ಬಂದದ್ದು 'ಬೊ'. ಆಮೇಲೆ 'ಮ್ಮ'. ಆಮೇಲೆ 'ಣ್ಣ'.

ಬೊಮ್ಮಣ್ಣ.

ಆಗ ನನಗೆ ಎಲ್ಲವೂ ಅರ್ಥವಾಯಿತು. ಇಷ್ಟು ಕಾಲ ತಮಿಳಿನ ಗುರುತು ಕೈಯಲ್ಲಿದ್ದೂ ಅತ್ತೆ ಈ ಮೆಟ್ಟಿಲನ್ನು ಬೋಳಾಗಿಯೇ ಬಿಟ್ಟಿದ್ದರು. ತಮಿಳಿನಲ್ಲಿ ಬರೆದರೆ ಮಾವನ ಹೆಸರು ಆ ಪೊನ್ನುಸಾಮಿಯ ಅಕ್ಷರದಿಂದಲೇ ಶುರುವಾಗಬೇಕಿತ್ತು.

"ಇವರ ಹೆಸರಿಡಿದು ಕರೆಯೋರು ಒಬ್ಬೊಬ್ಬರೇ ಓಗ್ಬುಟ್ರು, ಕಣ್ಣು," ಎಂದರು ಅತ್ತೆ, ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ. "ನೀನು ಮಾವ ಅಂತೀಯ. ನಾನು ಕರೆಯಂಗಿಲ್ಲ. ಎಂಟು ವರ್ಷ ಆಯ್ತು, ಈ ಹೆಸರು ಕಿವಿಗೆ ಬಿದ್ದು."

ಮುಂದಿದ್ದವರು ಹೆಸರು ತುಳಿಯಲು ಅಂಜಿ ಹಿಂದೆ ಸರಿದರು. ಅತ್ತೆಗೇ ರೇಗಿತು. "ಏನು ನಿಂತ್ಬುಟ್ರಿ? ಪಡಿ ಇರೋದು ಅತ್ತಕ್ಕೆ ತಾನೆ? ಹೆಸರು ಕೇಳಿ, ಕಾಲಿಡಿ!"

ಚಾಮರಾಜನಗರದವನು ಮೊದಲು ಮುಂದೆ ಬಂದ. ಕೈಮುಗಿದು, ಅಕ್ಷರ ನೋಡಿ, ಗಟ್ಟಿಯಾಗಿ ಹೇಳಿದ: "ಬೊಮ್ಮಣ್ಣನವರೇ, ವಣಕ್ಕ." ಅವನ ಹಿಂದೆ ಕನ್ನಡ ಅಕ್ಷರದ ಗಂಧವಿಲ್ಲದವರೆಲ್ಲ ಒಬ್ಬೊಬ್ಬರಾಗಿ ಆ ಹೆಸರು ಹೇಳಿ ಹತ್ತಿದರು. ಅತ್ತೆ ಪಕ್ಕದ ಕಟ್ಟೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಕೊನೆಯವನು ನಾನು. ಅಷ್ಟರಲ್ಲಿ ಅಕ್ಷರವೆಲ್ಲ ಕಾಲುಗಳಿಗೆ ಅಂಟಿ ಗುಡಿಯ ಕಡೆ ಹೋಗಿತ್ತು. ಮೇಲಿನ ಹತ್ತು ಮೆಟ್ಟಿಲ ಮೇಲೂ ಬಿಳಿಯ ಹೆಜ್ಜೆಗಳು. ನಾನು ಜೀವಮಾನದಲ್ಲಿ ಮೊದಲ ಸಲ ಮಾವನ ಹೆಸರು ಹಿಡಿದು ವಣಕ್ಕ ಹೇಳಿ ಕಾಲೆತ್ತಿದೆ.

ಅತ್ತೆ ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದು ನಿಲ್ಲಿಸಿದರು.

"ಆ ಹೆಸರು ಇನ್ನೊಂದ್ಸಲ ಏಳು, ಕಣ್ಣು."